ಬಸ್ಸನ್ನು ಒಳಗಿನಿಂದ ದೂಡಿದ ಕಲ್ಯಾಣಿಯಕ್ಕ

ಸ್ನೇಹಿತರೇ, ಎಂಬತ್ತರ ದಶಕದಲ್ಲಿ ಮೊಬೈಲಿನ ಈ ಪೋಸ್ಟು-ಗೀಸ್ಟು ಇರುತ್ತಿದ್ದರೆ ಇದನ್ನು ಅಂದೇ ಸಂಜೆ, ಭುಜಕ್ಕೆ ಎಣ್ಣೆ ತಿಕ್ಕುತ್ತಾ, ಹೀಗೆ ಹಾಕುತ್ತಿದ್ದೆ:

ಇವತ್ತು ಬೆಳಿಗ್ಗೆ ಮೂಡುಬಿದಿರೆಗೆ ಹೋಗುವ ನಮ್ಮ ಬಸ್ಸು ಗುರುವಾಯನಕೆರೆಯಲ್ಲಿ ನಿಂತೇಬಿಟ್ಟಿತು. "ಎಲ್ಲ ಇಳಿಯಿರಿ, ಸ್ವಲ್ಪ ದೂಡುವ" ಎಂದ ಕಂಡಕ್ಟರ್. ಕಾಲೇಜಿನಲ್ಲಿ ಮೊದಲ ಪೀರಿಯಡ್ಡೇ ಫಿಸಿಕ್ಸ್, ಪಾಠ ಮಾಡಬೇಕಾದವನು ನಾನು. ಪ್ಯಾಂಟು ಮಡಚಿ ಇಳಿದೆ. ಎಲ್ಲರೂ ದೂಡಿದೆವು. ಜಪ್ಪಯ್ಯ ಅಂದರೂ ಬಸ್ಸು ಕದಲಲಿಲ್ಲ.

ಕಿಟಕಿಯಲ್ಲಿ ನೋಡಿದರೆ ನೆರೆಮನೆಯ ಕಲ್ಯಾಣಿಯಕ್ಕ ಒಳಗೇ ಕೂತು ಎದುರಿನ ಸೀಟನ್ನು ಎರಡೂ ಕೈಯಲ್ಲಿ ದೂಡುತ್ತಿದ್ದಾರೆ!

"ಇಳಿಯಿರಿ ಅಕ್ಕಾ!"

"ಗಂಟು ನೋವು ಮಾಷ್ಟ್ರೇ. ನಾನು ಒಳಗಿನಿಂದಲೇ ದೂಡ್ತೇನೆ."

ಮಾಷ್ಟ್ರ ಬಾಯಿ, ಸುಮ್ಮನಿರಬೇಕಲ್ಲ! "ಅದರಿಂದ ಪ್ರಯೋಜನ ಇಲ್ಲ. ಕೈಯಲ್ಲಿ ಸೀಟನ್ನು ಎಷ್ಟು ಮುಂದಕ್ಕೆ ದೂಡ್ತೀರೋ, ಕಾಲಲ್ಲಿ ಬಸ್ಸಿನ ನೆಲವನ್ನು ಅಷ್ಟೇ ಹಿಂದಕ್ಕೆ ದೂಡ್ತೀರಿ. ಕ್ರಿಯೆಗೆ ಪ್ರತಿಕ್ರಿಯೆ!"

ಅವರು ಯೋಚಿಸಿದರು. "ಹಾಗಾದರೆ ಕಾಲು ಎತ್ತುತ್ತೇನೆ" ಎಂದು ಎರಡೂ ಕಾಲನ್ನು ತಾನು ಕೂತ ಸೀಟಿನ ಮೇಲಿಟ್ಟು ಎದುರಿನ ಸೀಟನ್ನು ದೂಡಿದರು. ಅದೇ ಹೊತ್ತಿಗೆ ಹೊರಗೆ ನಾವೂ ಇನ್ನೊಮ್ಮೆ ದೂಡಿದೆವು. ಬಸ್ಸು ಸ್ಟಾರ್ಟ್!

"ಇದನ್ನು ಮೊದಲೇ ಹೇಳಬಾರದಿತ್ತಾ ಮಾಷ್ಟ್ರೇ?" ಎಂದರು. ಮೂಡುಬಿದಿರೆಯವರೆಗೆ ಬಸ್ಸಿಡೀ ಅದೇ ಸುದ್ದಿ.

ಸಂಜೆ ವಾಪಸು ಬರುವಾಗ ಅದೇ ಬಸ್ಸು, ಅದೇ ಜನ. ಮತ್ತೆ ನಿಂತಿತು. ಇಳಿದು ಹಿಂದೆ ಹೋಗಿ ಭುಜ ಕೊಟ್ಟೆ. ಅತ್ತಿತ್ತ ನೋಡಿದರೆ ನಾನೊಬ್ಬನೇ! ಒಳಗೆ ಕಂಡಕ್ಟರನೂ ಸೇರಿ ಎಲ್ಲರೂ ಕಾಲು ಎತ್ತಿ ಕೂತು ಸೀಟು ದೂಡುತ್ತಿದ್ದಾರೆ.

ಕಲ್ಯಾಣಿಯಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು: "ಎಂಥ ಮಾಷ್ಟ್ರೇ, ನೀವೇ ಕಾಲು ನೆಲಕ್ಕೆ ಊರಿದ್ದೀರಲ್ಲ! ಮತ್ತೆ ಬಸ್ಸು ಹೋಗುವುದು ಹೇಗೆ ಮಾರಾಯ್ರೇ?"