ಇಂದ್ರಾಳಿ ಸ್ಟೇಶನ್ನಿನಲ್ಲಿ ಕೇಳಿದ ದನಿ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವಳು ನಾನು. ನಮ್ಮ ಕಾರ್ಕಳದ ಕಡೆ ಮನೆಗೊಬ್ಬರಾದರೂ ಏನನ್ನೋ ಕಂಡವರು, ಕೇಳಿದವರು ಇದ್ದೇ ಇರುತ್ತಾರೆ. ದೈವಕ್ಕೆ ನಾನೂ ಕೈ ಮುಗಿಯುತ್ತೇನೆ, ಆ ಮಾತು ಬೇರೆ. ಆದರೆ ಗೇರುಮರದ ಅಡಿಯಲ್ಲಿ ಯಾರೋ ನಿಂತಿದ್ದರು, ಹೆಸರು ಹಿಡಿದು ಕರೆದರು ಎಂದರೆ, ‘ಒಮ್ಮೆ ಕಣ್ಣು ತೋರಿಸಿಕೊಂಡು ಬನ್ನಿ’ ಎಂದುಬಿಡುತ್ತಿದ್ದೆ. ಈಗ ನನ್ನ ಮಾತನ್ನು ನೀವೂ ಹಾಗೆಯೇ ತಳ್ಳಿಹಾಕಿದರೆ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ನನ್ನ ಗಂಡ ಕಾರ್ಕಳ–ಉಡುಪಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ‘ಹಿರಿಯಡ್ಕ, ಪರ್ಕಳ, ಮಣಿಪಾಲ, ಉಡುಪೀ’ ಎಂದು ಅವರು ಕೂಗಿದರೆ ಬಸ್‌ಸ್ಟ್ಯಾಂಡಿನ ಆಚೆ ಬದಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರು ಲೋಟ ಬಿಟ್ಟು ಓಡಿ ಬರುತ್ತಿದ್ದರು. ಬಸ್ಸಿನಲ್ಲಿ ಅವರ ಮಾತು ನಿಲ್ಲುತ್ತಿರಲಿಲ್ಲ. ಕಾಲೇಜಿನ ಹುಡುಗಿಯರೊಡನೆ ತಮಾಷೆ, ಮೀನು ಮಾರುವ ಹೆಂಗಸರೊಡನೆ ಸುಖದುಃಖ, ಆಸ್ಪತ್ರೆಗೆ ಹೊರಟವರಿಗೆ ಧೈರ್ಯ. ಕುಕ್ಕುಂದೂರಿನ ನಮ್ಮ ಮನೆಗೆ ಬಂದ ಮೇಲೆ ಮಾತ್ರ ‘ಗಂಟಲು ನೋಯ್ತದೆ ಮಾರಾಯ್ತಿ’ ಎಂದು ಗೋಡೆಗೆ ಒರಗುತ್ತಿದ್ದರು. ಅವರ ಮಾತೆಲ್ಲ ಊರವರಿಗೆ ಹಂಚಿಹೋಗಿ, ಚೀಲದ ತಳದ ಚಿಲ್ಲರೆಯಷ್ಟು ನನಗೆ ಉಳಿಯುತ್ತಿತ್ತು. ಆ ಬಸ್ಸಿನಲ್ಲಿ ಕೂತು ಬರುವ ಪ್ರತಿಯೊಬ್ಬಳ ಮೇಲೂ ನನಗೆ ಹೊಟ್ಟೆಕಿಚ್ಚು. ಅದನ್ನು ಮುಚ್ಚಿಟ್ಟವಳೂ ಅಲ್ಲ. ಅವರು ಕೇಳಿ ನಗುತ್ತಿದ್ದರು.

ಆಮೇಲೆ ಸ್ಟ್ರೋಕ್ ಆಯಿತು. ಮಣಿಪಾಲದಲ್ಲಿ ಜೀವ ಉಳಿಯಿತು. ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು. ಮಾತು ಕಲಿಸುವವರ ಬಳಿ ತಿಂಗಳುಗಟ್ಟಲೆ ಕರೆದುಕೊಂಡು ಹೋದೆ. ‘ಆ’ ಎನ್ನುವುದಕ್ಕಿಂತ ಮುಂದೆ ಹೋಗಲಿಲ್ಲ. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಮರಳಿ ಹೇಳಲಿಕ್ಕೆ ಆಗುವುದಿಲ್ಲ.

ದೆಹಲಿಯಲ್ಲಿ ನರ್ಸ್ ಆಗಿರುವ ನಮ್ಮ ಮಗಳಿಗೆ ಹೆಣ್ಣುಮಗು ಹುಟ್ಟಿದಾಗ ಇವರು ಮೊಬೈಲಿನಲ್ಲಿ ಆ ಮಗುವಿನ ಮುಖ ನೋಡಿ ನೋಡಿ ಅತ್ತರು. ಹೋಗೋಣವೇ ಎಂದು ಕೇಳಿದೆ. ವಿಮಾನ ಎಂದರೆ ತಲೆ ಅಲ್ಲಾಡಿಸಿದರು. ರೈಲು ಎಂದಾಗ ಎಡಗೈ ಎತ್ತಿದರು.

ಹೂಂ ಅಂದುಬಿಟ್ಟೆ, ಆಮೇಲೆ ತಿಳಿಯಿತು ಅದು ಎಂಥ ಕೆಲಸ ಎಂದು. ಅಂಗವಿಕಲರ ಸರ್ಟಿಫಿಕೇಟ್ ತೋರಿಸಿ ರೈಲ್ವೆಯ ಕಾರ್ಡ್ ಮಾಡಿಸಬೇಕು, ಇವರಿಗೆ ಕೆಳಗಿನ ಬರ್ತ್ ಸಿಗಬೇಕು, ನನ್ನದು ಅದರ ಹತ್ತಿರವೇ ಇರಬೇಕು. ಗಾಲಿಕುರ್ಚಿ ಬೋಗಿಯ ನಡುವಿನ ದಾರಿಯಲ್ಲಿ ಹಿಡಿಸುವುದಿಲ್ಲ, ಬಾಗಿಲಿನಿಂದ ಒಳಗೆ ಎತ್ತಿಕೊಂಡೇ ಹೋಗಬೇಕು. ಕಕ್ಕಸಿನ ಬಾಗಿಲು ಕಿರಿದು. ಉಡುಪಿಯಲ್ಲಿ ರೈಲು ನಿಲ್ಲುವುದೋ ಸ್ವಲ್ಪವೇ ಹೊತ್ತು. ನಮ್ಮ ಬೋಗಿ ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ಗೊತ್ತಿಲ್ಲದಿದ್ದರೆ ರೈಲು ನಮ್ಮನ್ನು ಬಿಟ್ಟೇ ಹೋದೀತು. ಅದಕ್ಕೆ ಒಂದು ಸಂಜೆ ಮುಂಚಿತವಾಗಿಯೇ ಇವರನ್ನೂ ಕರೆದುಕೊಂಡು ಇಂದ್ರಾಳಿಯಲ್ಲಿರುವ ಉಡುಪಿ ಸ್ಟೇಶನ್ನಿಗೆ ಹೋದೆವು. ಕಾಪುವಿನಲ್ಲಿರುವ ನನ್ನ ತಮ್ಮ ದಿನೇಶ ಕಾರು ತಂದಿದ್ದ.

ಇವರ ಗಾಲಿಕುರ್ಚಿಯನ್ನು ಪ್ಲಾಟ್‌ಫಾರ್ಮಿನ ಒಂದು ಬೆಂಚಿನ ಪಕ್ಕ ನಿಲ್ಲಿಸಿ, ಗಾಲಿಗೆ ತಡೆ ಹಾಕಿ, ‘ಈಗ ಬಂದೆ’ ಎಂದು ನಾನು ವಿಚಾರಿಸಲು ಆಫೀಸಿನ ಒಳಗೆ ಹೋದೆ. ದಿನೇಶ ಆಚೆ ಪ್ಲಾಟ್‌ಫಾರ್ಮಿಗೆ ಹೋಗುವ ದಾರಿ ನೋಡುತ್ತೇನೆಂದು ಮೇಲ್ಸೇತುವೆ ಹತ್ತಿದ.

ಒಳಗಿದ್ದವರು ನಮ್ಮ ಬೋಗಿ ಎಲ್ಲಿ ನಿಲ್ಲುತ್ತದೆಂದು ವಿವರವಾಗಿ ಹೇಳಿದರು. ಹೊರಗೆ ಬಂದಾಗ ಇವರ ಪಕ್ಕದ ಬೆಂಚಿನಲ್ಲಿ ಒಬ್ಬಳು ಹೆಂಗಸು ಕೂತಿದ್ದಳು. ಪಡುವಣ ಬಿಸಿಲು ನನ್ನ ಕಣ್ಣಿಗೇ ಹೊಡೆಯುತ್ತಿತ್ತು. ಬೆನ್ನು ಕಂಡಿತೇ ಹೊರತು ಸೀರೆಯ ಬಣ್ಣವೂ ತಿಳಿಯಲಿಲ್ಲ. ಇವರ ಬಸ್ಸಿನ ಹಳೆಯ ಪ್ಯಾಸೆಂಜರ್ ಇರಬೇಕು ಎಂದುಕೊಂಡೆ. ಪಾಪ, ಮಾತು ಬಾರದವರೊಡನೆ ಕೂತಿದ್ದಾಳೆ ಎಂದು ಹತ್ತಿರ ಹೋದೆ.

ಆಗ ಇವರ ದನಿ ಕೇಳಿತು.

ತೊದಲಲ್ಲ. ಬಸ್ಸಿನ ಕೂಗೂ ಅಲ್ಲ. ಊಟವಾದ ಮೇಲೆ ಮನೆಯವರೊಡನೆ ಮಾತಾಡುವ ತಗ್ಗಿದ ದನಿ. ತುಳುವಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ: “ನನಗೆ ಹೆದರಿಕೆ ಉಂಟು. ನಿದ್ದೆಯಲ್ಲಿ ಆ ಬರ್ತಿನಿಂದ ಬಿದ್ದರೆ ಏಳಲಿಕ್ಕೂ ಆಗ್ಲಿಕ್ಕಿಲ್ಲ, ಕರೀಲಿಕ್ಕೂ ಆಗ್ಲಿಕ್ಕಿಲ್ಲ. ನೀನು ಅವಳಿಗೆ ಹೇಳಬೇಡ. ಅವಳು ಈಗಲೇ ಸೋತಿದ್ದಾಳೆ.”

ಆ ಹೆಂಗಸು ಏನೋ ಅಂದಳು. ಇವರು ನಕ್ಕರು.

ನಾನು ಓಡಿಹೋಗಬೇಕಿತ್ತು, ಅಲ್ಲವೇ? ಎರಡು ವರ್ಷ ದೇವರಲ್ಲಿ ಬೇಡಿದ ದನಿ ಅದು. ಆದರೆ ನಾನು ಕಂಬದ ಪಕ್ಕ ನಿಂತುಬಿಟ್ಟೆ. ನಿಜ ಹೇಳಬೇಕೆಂದರೆ ಆಗ ನನಗೆ ಸಂತೋಷವಾಗಲಿಲ್ಲ, ಹೆದರಿಕೆಯೂ ಆಗಲಿಲ್ಲ. ಮೈಯೆಲ್ಲ ಉರಿಯಿತು. ಉಣಿಸಿದವಳು, ತೊಳೆದವಳು ನಾನು. ಮಾತು ಬಂದದ್ದು ಇವಳೆದುರು! ‘ನೀನು’ ಎನ್ನುವಷ್ಟು ಸಲಿಗೆ ಬೇರೆ. ಅವಳು ಯಾರು, ನೋಡಿಯೇ ಬಿಡುತ್ತೇನೆ ಎಂದು ಹೆಜ್ಜೆ ಇಟ್ಟೆ. ಅಷ್ಟರಲ್ಲಿ ಲಾರಿಗಳನ್ನು ಹೊತ್ತ ಗೂಡ್ಸ್ ರೈಲು ನಿಲ್ಲದೆ ನುಗ್ಗಿ ಬಂತು. ಆ ಗಾಳಿಗೆ, ಧೂಳಿಗೆ ಸೆರಗಿನಿಂದ ಮುಖ ಮುಚ್ಚಿಕೊಂಡೆ. ತೆಗೆದಾಗ ಬೆಂಚು ಖಾಲಿ. ಇಡೀ ಪ್ಲಾಟ್‌ಫಾರ್ಮ್ ನೋಡಿದೆ, ಹಾಗೆ ಎದ್ದು ಹೋಗುತ್ತಿರುವವರು ಯಾರೂ ಕಾಣಲಿಲ್ಲ.

“ಯಾರದು? ಯಾರೊಟ್ಟಿಗೆ ಮಾತಾಡಿದ್ದು ನೀವು?” ಎಂದು ಕುರ್ಚಿಯ ಕೈ ಹಿಡಿದು ಕೇಳಿದೆ. ಇವರು ನನ್ನನ್ನೇ ನೋಡಿ “ಆ” ಎಂದರು.

ದಿನೇಶ ಸೇತುವೆ ಇಳಿದು ಓಡೋಡಿ ಬಂದ. ಅವನ ಮುಖ ಅರಳಿತ್ತು. “ಅಕ್ಕ, ಭಾವ ಎಂತ ಹೇಳಿದ್ರು? ಬಾಯಿ ಆಡಿಸ್ತಾ ಇದ್ರು ಅಲ್ವಾ? ನಾನು ಮೇಲಿಂದ ನೋಡಿದೆ.”

“ಅವಳನ್ನು ನೋಡಿದೆಯಾ? ಪಕ್ಕದಲ್ಲಿ ಕೂತವಳನ್ನು?”

“ಯಾರನ್ನು? ಪಕ್ಕದಲ್ಲಿ ಕೂತದ್ದು ನೀನೇ ಅಲ್ವಾ?”

“ನಾನು ಆಫೀಸಿನ ಒಳಗೆ ಇದ್ದೆ ಮಾರಾಯ.”

ಅವನು ನಗಲಿಕ್ಕೆ ಹೋದವನು ನನ್ನ ಮುಖ ನೋಡಿ, ನನ್ನ ಸೆರಗಿನ ಕಡೆ ಬೆರಳು ತೋರಿಸಿದ. “ಇದೇ ಸೀರೆ ಅಕ್ಕ. ನಿನ್ನ ಗುರ್ತ ನನಗೆ ಸಿಗುವುದಿಲ್ವಾ?” ಎಂದು ಮೆಲ್ಲಗೆ ಹೇಳಿದ.

ದೂರದಿಂದ ಅವನ ಕಣ್ಣು ತಪ್ಪಿರಬಹುದು. ಮಾತಿಗಾಗಿ ಕಾದು ಕಾದು ನನ್ನ ಕಿವಿಯೇ ಮಾತನ್ನು ಹುಟ್ಟಿಸಿಕೊಂಡಿರಬಹುದು. ಡಾಕ್ಟರೂ ಹಾಗೆಯೇ ಅಂದರು. ಒಪ್ಪುತ್ತಿದ್ದೆ. ಆದರೆ ಮರುದಿನ ಹೊಲಿಗೆ ಯಂತ್ರದ ಮುಂದೆ ಕೂತು ದಪ್ಪ ಬಟ್ಟೆಯ ಅಗಲ ಪಟ್ಟಿಯೊಂದನ್ನು ಹೊಲಿದೆ. ಇವರ ಎದೆಯ ಸುತ್ತ ಅಳತೆ ನೋಡುತ್ತ, “ಬರ್ತಿಗೆ ಕಟ್ಟಲಿಕ್ಕೆ. ಬೀಳುವ ಹೆದರಿಕೆ ಬೇಡ” ಎಂದೆ. ಇವರು ಬೆಚ್ಚಿಬಿದ್ದರು. ಕಣ್ಣು ತುಂಬಿತು. ಆಮೇಲೆ ನನ್ನ ಭುಜದ ಆಚೆಗೆ ನೋಡಿದರು. ನಂಬಿಕೊಂಡು ಹೇಳಿದ ಗುಟ್ಟನ್ನು ಯಾರೋ ಬಿಟ್ಟುಕೊಟ್ಟಾಗ ನೋಡುತ್ತೇವಲ್ಲ, ಹಾಗೆ. ನನ್ನ ಹಿಂದೆ ಗೋಡೆ ಬಿಟ್ಟರೆ ಏನೂ ಇರಲಿಲ್ಲ.

ನಾವು ದೆಹಲಿಗೆ ಹೋದೆವು. ದಿನೇಶನೂ ಇನ್ನಿಬ್ಬರೂ ಸೇರಿ ಇವರನ್ನು ಬೋಗಿಯೊಳಗೆ ಎತ್ತಿ ಕೂರಿಸಿದರು. ಪಟ್ಟಿ ಸಡಿಲಾಗಲಿಲ್ಲ, ಇವರು ಬೀಳಲಿಲ್ಲ. ಮಗಳ ಮನೆಯಲ್ಲಿ ಎಡಗೈಯ ಮೇಲೆ ಮೊಮ್ಮಗಳನ್ನು ಮಲಗಿಸಿಕೊಂಡು ಇಡೀ ಮಧ್ಯಾಹ್ನ ಅಲುಗಾಡದೆ ಕೂತರು. ಮಾತು ಮಾತ್ರ ಇವತ್ತಿಗೂ ಬಂದಿಲ್ಲ.

ಅವಳು ಯಾರು ಎಂದು ನನಗೆ ಗೊತ್ತಿಲ್ಲ. ದಿನೇಶ ಹೇಳಿದ್ದು ನಿಜವಾದರೆ ನಾನು ಹೊಟ್ಟೆಕಿಚ್ಚುಪಡುವುದು ಯಾರ ಮೇಲೆ ಎಂಬುದೂ ಗೊತ್ತಿಲ್ಲ. ಆದರೂ ಪಡುತ್ತೇನೆ. ದೆಹಲಿಗೆ ಹೋಗುವಾಗ ರೈಲು ಕಾರವಾರ ದಾಟಿದ ಮೇಲೆ ಇವರ ಪಕ್ಕದಿಂದ ಎದ್ದು, “ಸ್ವಲ್ಪ ಗಾಳಿಗೆ ನಿಂತು ಬರ್ತೇನೆ” ಎಂದು ಬಾಗಿಲಿನ ಕಡೆ ಹೋದೆ. ಬೇಕೆಂದೇ ತುಂಬ ಹೊತ್ತು ನಿಂತೆ. ನನ್ನ ಜಾಗ ಖಾಲಿ ಇತ್ತು. ಅವಳು ಬರುವುದಾದರೆ ಬರಲಿ, ಇವರಿಗೆ ಹೇಳಲಿಕ್ಕೆ ಏನಾದರೂ ಇದ್ದರೆ ಹೇಳಿಕೊಳ್ಳಲಿ. ರೈಲು ಸುರಂಗ ಹೊಕ್ಕಿತು, ಆ ಸದ್ದಿನಲ್ಲಿ ನನಗೆ ಒಂದೂ ಕೇಳಿಸಲಿಲ್ಲ. ತಿರುಗಿ ನೋಡಲು ಮನಸ್ಸಾಯಿತು. ನೋಡಲಿಲ್ಲ.