ಎತ್ತು ಕೆಡವಲು ಮೆತ್ತನೆ ನೆಲ

ದಾವಣಗೆರೆಯ ಮಹಾಜನತೆಯ ಗಮನಕ್ಕೆ ತರಲೇಬೇಕಾದ ಗಂಭೀರ ವಿಷಯವೊಂದಿದೆ. ಊರಿನ ದನದ ಸಂತೆಯ ಬೇವಿನ ಮರದ ಕೆಳಗೆ, ಎರಡು ಮಂಚ ಹಾಕಬಹುದಾದಷ್ಟು ಜಾಗದಲ್ಲಿ, ಸ್ವಲ್ಪ ಮಣ್ಣಿತ್ತು. ಅದು ಈಗ ಇಲ್ಲ. ಮಣ್ಣು ಅಂದರೆ ವಿಶೇಷದ್ದೇನಲ್ಲ. ಸಗಣಿ, ಗಂಜಲ, ಹೊಟ್ಟು ಬೆರೆತು, ವರ್ಷಾನುಗಟ್ಟಲೆ ಎತ್ತುಗಳ ಮೈ ಬಿದ್ದು ಬಿದ್ದು ಗಾದಿಯಂತೆ ಮೆತ್ತಗಾದ ಮಣ್ಣು. ಅದು ಹೋದದ್ದಕ್ಕೆ ಯಾರೂ ಎಲ್ಲೂ ದೂರು ಕೊಟ್ಟಿಲ್ಲ. ಕೊಡಬೇಕಾದವರು ಒಬ್ಬರಿದ್ದಾರೆ. ಅವರು ಈ ಹೊತ್ತಿನಲ್ಲಿ ಹರಿಹರದ ಹೊಳೆದಂಡೆಯಲ್ಲಿ ಕೂತು ನೆಲ ಒತ್ತಿ ನೋಡುತ್ತಿದ್ದಾರೆ.

ಬೆಳಕಿನ್ನೂ ಪೂರ್ತಿ ಬಂದಿಲ್ಲ. ತುಂಗಭದ್ರೆಯ ಮೇಲಿನ ಮಂಜು ಸೇತುವೆಯ ಕಂಬಗಳನ್ನು ಸೊಂಟದವರೆಗೆ ನುಂಗಿದೆ. ಒದ್ದೆ ಮಣ್ಣಿನ ಮೇಲೆ ಹುಲ್ಲು ಹರಡಿ ಖಾಜಾ ಹುಸೇನ್ ಅಂಗೈ ಊರುತ್ತಾರೆ. ಕಲ್ಲು ಸಿಕ್ಕರೆ ಆರಿಸಿ ಹೊಳೆಗೆ ಎಸೆಯುತ್ತಾರೆ. ಪಕ್ಕದಲ್ಲಿ ಒಂದು ಬಿಳಿ ಎತ್ತಿಗೆ ಹಗ್ಗ ಬಿಗಿಯುತ್ತಿರುವವರು ಗೋಣೆಪ್ಪ. ಇಬ್ಬರದೂ ಹಳೆಯ ಜೋಡಿ: ಎತ್ತನ್ನು ಕೆಡವುವುದು ಗೋಣೆಪ್ಪನವರ ಕೆಲಸ, ಕೆಡವಿದ ಎತ್ತಿನ ಗೊರಸಿಗೆ ಕಬ್ಬಿಣದ ಲಾಳ ಕಟ್ಟುವುದು ಖಾಜಾ ಹುಸೇನರ ಕೆಲಸ.

"ಸಾಬ್ರೆ, ಇದು ನನ್ನೇ ದುರುಗುಟ್ಕೊಂಡು ನೋಡ್ತೈತೆ," ಅನ್ನುತ್ತಾರೆ ಗೋಣೆಪ್ಪ.

"ನಿನ್ನ ಮುಖ ನೋಡಿದ ಮ್ಯಾಲೆ ತಾನೇ ಬೀಳ್ತೈತೆ ಬಿಡು. ಹಗ್ಗ ಯಾಕ ಸುಮ್ನೆ."

ಗೋಣೆಪ್ಪ ಹಗ್ಗ ಜಗ್ಗುತ್ತಾರೆ. ಎತ್ತಿನ ಮುಂಗಾಲು ಮಡಚುತ್ತದೆ, ಹಿಂಬದಿ ಕುಸಿಯುತ್ತದೆ, ಅಷ್ಟು ದೊಡ್ಡ ಮೈ ನಿಟ್ಟುಸಿರಿನೊಂದಿಗೆ ಹುಲ್ಲಿನ ಮೇಲೆ ಒರಗುತ್ತದೆ. ಹತ್ತಿರ ನಿಂತವರಿಗೂ ಬಿದ್ದ ಸದ್ದು ಕೇಳುವುದಿಲ್ಲ. "ಸದ್ದು ಬರಬಾರ್ದ್ರಿ," ಅನ್ನುತ್ತಾರೆ ಖಾಜಾ ಹುಸೇನ್, ಆಗಲೇ ಗೊರಸು ಕೆತ್ತುವ ಉಳಿ ಕೈಗೆತ್ತಿಕೊಂಡು. "ಸದ್ದು ಬಂತಂದ್ರೆ ಮೂಳೆ ಮ್ಯಾಲೆ ಬಿತ್ತು ಅಂತ. ಕೊಂಬು ಮುರೀತೈತೆ, ಇಲ್ಲ ಸೊಂಟ ಹೋಗ್ತೈತೆ. ಕುದುರೆ ಆದ್ರೆ ನಿಂತಲ್ಲೇ ಕಾಲೆತ್ತಿ ಕೊಡ್ತೈತೆ. ಎತ್ತು ಕೊಡಂಗಿಲ್ಲ. ಮಲಗಿಸ್ಲೇಬೇಕು."

ಅರವತ್ತು ದಾಟಿದ ಖಾಜಾ ಹುಸೇನರ ಮೇಲಿನ ಎರಡು ಹಲ್ಲುಗಳಿಲ್ಲ. ಅವು ಸಂತೇಬೆನ್ನೂರಿನ ಕಡೆಯ ಒಂದು ಹೋರಿಯ ಹಿಂಗಾಲಿಗೆ ಸಂದವು. ಎಡಗೈಯ ಉಂಗುರದ ಬೆರಳು ಮಡಚುವುದಿಲ್ಲ. ಅದಕ್ಕೆ ಯಾವ ಎತ್ತು ಕಾರಣ ಎಂಬುದು ನೆನಪಿಲ್ಲವಂತೆ. ಮನೆ ದಾವಣಗೆರೆಯ ಆನೆಕೊಂಡದಲ್ಲಿ. ಹೆಂಡತಿ ಮೆಹರ್ ಬಾನು ಅಲ್ಲಿ ಕೂತು ಮೊಳೆಗಳ ತಲೆ ಬಡಿದು ಚಪ್ಪಟೆ ಮಾಡುತ್ತಾರೆ. ಮೊಳೆಯ ತಲೆ ಎದ್ದಿದ್ದರೆ ಎತ್ತು ಜಾರುತ್ತದೆ, ಆದ್ದರಿಂದ ಅದು ತಾಳ್ಮೆಯ ಕೆಲಸ. "ಮದುವೆ ಆಗಿ ಬಂದ ದಿನ ನಮ್ಮತ್ತೆ ಕೈಗೆ ಬಳೆ ಕೊಡ್ತಾರೆ ಅನ್ಕೊಂಡಿದ್ದೆ," ಅನ್ನುತ್ತಾರೆ ಅವರು. "ಸುತ್ತಿಗೆ ಕೊಟ್ರು."

ಖಾಜಾ ಹುಸೇನರ ತಂದೆ ಮಸ್ತಾನಸಾಬ್ ಈ ಕಸುಬು ಹಿಡಿದಾಗ ಲಾಳ ಅಷ್ಟೊಂದು ಬೇಕಿರಲಿಲ್ಲ. ಎತ್ತು ಮಣ್ಣಿನ ದಾರಿಯಲ್ಲಿ ನಡೆಯುತ್ತಿತ್ತು, ಗೊರಸು ಸವೆಯುತ್ತಿರಲಿಲ್ಲ. ಆಮೇಲೆ ಊರೂರಿಗೆ ಡಾಂಬರು ಬಂತು, ಹಳ್ಳಿಯ ಓಣಿಗಳಿಗೂ ಕಾಂಕ್ರೀಟು ಬಂತು, ಬರಿಗೊರಸಿನ ಎತ್ತು ಹೊಲ ಮುಟ್ಟುವಷ್ಟರಲ್ಲಿ ಕುಂಟತೊಡಗಿತು. ಹಾಗಾಗಿ ಗಟ್ಟಿ ನೆಲವೇ ಈ ಮನೆಗೆ ಇಷ್ಟು ವರ್ಷ ಅನ್ನ ಹಾಕಿದ್ದು. ಟ್ರ್ಯಾಕ್ಟರು ಬಂದ ಮೇಲೆ ಎತ್ತು ಕಡಿಮೆಯಾದವು ನಿಜ. ಆದರೆ ಮೆಕ್ಕೆಜೋಳ ಮೊಣಕಾಲೆತ್ತರ ಬಂದ ಮೇಲೆ ಸಾಲಿನ ನಡುವೆ ಎಡೆ ಹೊಡೆದು ಕಳೆ ತೆಗೆಯಲು ಟ್ರ್ಯಾಕ್ಟರು ಹೋಗದು. ಎತ್ತೇ ಬೇಕು. ಆ ಹದಿನೈದು ದಿನ ಎತ್ತು ಕುಂಟಿದರೆ ಕಳೆ ಗೆಲ್ಲುತ್ತದೆ, ಬೆಳೆ ಸೋಲುತ್ತದೆ.

ಲಾಳ ಕಟ್ಟುವಾಗ ಎತ್ತಿನ ಒಡೆಯನಿಗೆ ಒಂದೇ ಕೆಲಸ: ಅದರ ಕುತ್ತಿಗೆಯ ಬಳಿ ಕೂತು ಕೊಂಬು ಹಿಡಿದು, ಹೆದರದಂತೆ ಏನಾದರೂ ಮಾತಾಡುತ್ತಿರುವುದು. ಗಂಟೆಗಟ್ಟಲೆ ಎತ್ತಿನ ಜೊತೆ ಏನು ಮಾತಾಡಲು ಸಾಧ್ಯ? ಮೊದಲು "ಹೋ, ಹೋ" ಅನ್ನುತ್ತಾರೆ. ಆಮೇಲೆ ಮನೆಯ ಸುದ್ದಿ ಬರುತ್ತದೆ. ಅಣ್ಣನ ಜೊತೆ ಮಾತು ಬಿಟ್ಟದ್ದು, ಹೆಂಡತಿಯ ಎದೆನೋವು, ರಾತ್ರಿ ನಿದ್ದೆ ಹತ್ತದ್ದು. "ಎತ್ತಿನ ಕಿವಿಗೆ ಹೇಳ್ತಾರ್ರಿ, ನನಗಲ್ಲ," ಅನ್ನುತ್ತಾರೆ ಖಾಜಾ ಹುಸೇನ್. "ನಾನು ಮೊಳೆ ಹೊಡಿತಿರ್ತೀನಿ. ನನ್ನ ಕಿವೀಗೂ ಬೀಳ್ತೈತೆ. ಒಬ್ಬೊಬ್ಬರದು ಕೇಳಿದ್ರೆ, ಇವರನ್ನ ಒಬ್ಬರೇ ಮನೆಗೆ ಕಳ್ಸೋದು ಬ್ಯಾಡ ಅನ್ನಿಸ್ತೈತೆ. ಅಂಥವ್ರಿಗೆ, ಇನ್ನೊಂದು ಕಾಲು ಸರಿಯಾಗಿಲ್ಲ ತಡೀರಿ ಅಂತೀನಿ. ಚಾ ತರಿಸ್ತೀನಿ. ಕಾಲು ಸರಿಯಾಗೇ ಇರ್ತೈತೆ." ಅಂಥ ಹೊತ್ತಿನಲ್ಲಿ ಗೋಣೆಪ್ಪ ಎದ್ದು ಹೋಗಿ ಆ ಊರಿನವರು ಸಂತೆಯಲ್ಲಿ ಯಾರಾದರೂ ಇದ್ದಾರಾ ನೋಡಿ ಕರೆತರುತ್ತಾರೆ. ಸಂತೆಯವರು ಇದನ್ನು ಗೋಣೆಪ್ಪನ ಬೀಡಿ ಸಮಯ ಎಂದುಕೊಂಡಿದ್ದರು.

ಇದೆಲ್ಲ ನಡೆಯುತ್ತಿದ್ದದ್ದು ಆ ಬೇವಿನ ಮರದ ಕೆಳಗಿನ ಮಣ್ಣಿನ ಮೇಲೆ.

ಸಂತೆಗೆ ಕಾಂಕ್ರೀಟು ಹಾಕಿಸಿದವರನ್ನು ದುಷ್ಟರೆನ್ನುವುದು ಕಷ್ಟ. ಮಳೆಗಾಲದಲ್ಲಿ ಅಲ್ಲಿ ಮೊಣಕಾಲುದ್ದ ಕೆಸರು. ದನ ಜಾರುತ್ತಿದ್ದವು, ದನ ಹಿಡಿದವರೂ ಜಾರುತ್ತಿದ್ದರು. ಆನಗೋಡಿನ ಉಜ್ಜನಪ್ಪ, ಖಾಜಾ ಹುಸೇನರ ಬಳಿ ಅತಿ ಹೆಚ್ಚು ಕಾಲದಿಂದ ಎತ್ತು ತರುತ್ತಿರುವ ರೈತರು, ಹಾಗೆ ಬಿದ್ದು ಮುಂಗೈ ಮುರಿದುಕೊಂಡರು. ಪಟ್ಟಿ ಬಿಚ್ಚುವ ಮೊದಲೇ ರೈತರನ್ನೆಲ್ಲ ಸೇರಿಸಿ, ಸಂತೆಯ ಉಸ್ತುವಾರಿ ಸಮಿತಿಗೆ ನೆಲ ಗಟ್ಟಿ ಮಾಡಿಸಿ ಎಂದು ಮನವಿ ಕೊಟ್ಟರು. ಅದಕ್ಕೆ ಖಾಜಾ ಹುಸೇನರೂ ಸಹಿ ಹಾಕಿದರು. "ಕೆಸರಾಗೆ ಬಿದ್ದೋರು ನಮ್ಮೋರೇ ಅಲ್ರಿ," ಎಂಬುದು ಅವರ ವಿವರಣೆ. ಒಂದು ಮಾತು ಮಾತ್ರ ಬಾಯಲ್ಲಿ ಹೇಳಿದರು: ಮರದ ಕೆಳಗಿನ ಅಷ್ಟು ಜಾಗ ಬಿಟ್ಟುಬಿಡಿ, ನನಗೆ ಮಣ್ಣೇ ಸಾಕು.

ಎಡವಟ್ಟಾದದ್ದು ಇಲ್ಲಿ. ಸಮಿತಿಯ ಸಭೆಯಲ್ಲಿ ಈ ಮಾತು ಬಂದಾಗ ಉಜ್ಜನಪ್ಪ ಎದ್ದು ನಿಂತರು. "ಖಾಜಾ ಸಾಬ್ರು ಹಿಂಗೇರಿ. ಊಟಕ್ಕೆ ಕರೆದ್ರೆ ನೀರು ಸಾಕು ಅಂತಾರೆ. ಹಬ್ಬಕ್ಕೆ ಕರೆದ್ರೆ ಜಗಲಿ ಸಾಕು ಅಂತಾರೆ. ಅವ್ರು ಸಂಕೋಚಕ್ಕೆ ಮಣ್ಣು ಸಾಕು ಅಂದ್ರೆ, ಇಷ್ಟು ವರ್ಷ ನಮ್ಮ ಎತ್ತಿನ ಕಾಲು ಕಾಯ್ದೋರಿಗೆ ನಾವು ಮಣ್ಣೇ ಕೊಡೋದಾ?" ಸಭೆ ಚಪ್ಪಾಳೆ ತಟ್ಟಿತು. ಬಾಗಿಲ ಬಳಿ ನಿಂತಿದ್ದ ಖಾಜಾ ಹುಸೇನ್ "ಇಲ್ರಿ ಗೌಡ್ರೆ, ಮಣ್ಣೇ ಬೇಕು" ಎಂದರು. ಸಭೆ ಪ್ರೀತಿಯಿಂದ ನಕ್ಕಿತು. ಯಾರೋ ಎದ್ದು ಅವರಿಗೆ ಕುರ್ಚಿ ಕೊಟ್ಟರು.

ಹೀಗೆ ಬೇವಿನ ಮರದ ಕೆಳಗೆ ತಗಡಿನ ಮಾಡಿನ ಒಂದು ಶೆಡ್ಡು ಎದ್ದಿತು. ಲಾಳ ಕಟ್ಟುವ ಸೌಕರ್ಯ ಕೇಂದ್ರ ಎಂದು ಫಲಕ. ಕೆಲಸ ನೋಡಿಕೊಂಡ ಯುವ ಎಂಜಿನಿಯರ್ ಶಿವಕುಮಾರ ಮುತುವರ್ಜಿಯ ಮನುಷ್ಯ. ಎತ್ತು ಬೀಳುವ ಜಾಗವೆಂದು ತಿಳಿದು, ಬಿರುಕು ಬಿಡಬಾರದೆಂದು ಸಂತೆಯ ಉಳಿದ ನೆಲಕ್ಕಿಂತ ಎರಡು ಇಂಚು ಹೆಚ್ಚು ಕಾಂಕ್ರೀಟು ಹಾಕಿಸಿದರು.

ಉದ್ಘಾಟನೆಯ ಬೆಳಿಗ್ಗೆ ಉಜ್ಜನಪ್ಪ ತಮ್ಮ ಜೋಡಿಯ ಬಲಗಡೆಯ ಎತ್ತಿಗೆ ಚೆಂಡುಹೂವಿನ ಮಾಲೆ ಹಾಕಿ ತಂದರು. ಹೊಸ ನೆಲದ ಮೇಲೆ ಮೊದಲ ಲಾಳ ಅದಕ್ಕೇ ಎಂದು ತೀರ್ಮಾನವಾಗಿತ್ತು. ಲಾಳ ಸವೆದು ಕಾಗದದಂತಾಗಿತ್ತು, ಎಡೆ ಹೊಡೆಯುವ ಕಾಲವೂ ಬಂದಿತ್ತು. ಖಾಜಾ ಹುಸೇನ್ ಹೆಗಲ ಮೇಲಿನ ಚೀಲ ಕೆಳಗಿಟ್ಟರು. ಒಳಗಿನ ಸುತ್ತಿಗೆ ನೆಲಕ್ಕೆ ತಾಗಿ ಠಣ್ ಅಂದಿತು. ಗೋಣೆಪ್ಪ ಅವರ ಮುಖ ನೋಡಿದರು.

"ಕೆಡವ್ರಿ ಗೋಣೆಪ್ಪಾರೆ," ಎಂದರು ಫೋಟೋದವರು.

"ಸಾಬ್ರು ಹೇಳ್ಲಿ," ಎಂದರು ಗೋಣೆಪ್ಪ.

ಖಾಜಾ ಹುಸೇನ್ ಎತ್ತಿನ ಕೊಂಬು ಸವರಿದರು. ಒಳ್ಳೆಯ ಕೊಂಬು, ಉಜ್ಜನಪ್ಪ ಅದರ ತುದಿಗೆ ಹಿತ್ತಾಳೆಯ ಕೊಂಬಣಸು ಹಾಕಿಸಿದ್ದರು. "ಇವತ್ತು ಬ್ಯಾಡ್ರಿ. ಮಾಲೆ ಹಾಕಿದ ದಿನ ನೋವು ಮಾಡಬಾರ್ದು," ಎಂದು ಸುಳ್ಳು ಹೇಳಿದರು. ಫೋಟೋ ಬೇಕೇ ಬೇಕಲ್ಲ. ಎತ್ತಿನ ಮುಂಗಾಲನ್ನು ಒಂದು ಕ್ಷಣ ಎತ್ತಿ ಹಿಡಿದು, ಸುತ್ತಿಗೆ ಮೇಲೆತ್ತಿ, ಹೊಡೆಯದೆ ನಿಂತರು. ಫೋಟೋ ಚೆನ್ನಾಗಿ ಬಂದಿದೆ. ಲಾಡು ಹಂಚಿದರು. ಎತ್ತು ಹಳೆಯ ಲಾಳದಲ್ಲೇ ಮನೆಗೆ ಹೋಯಿತು.

ಸಂತೆಯ ಗೇಟಿನ ಬಳಿ ಉಜ್ಜನಪ್ಪ ತಡೆದರು. "ಯಾಕ್ ಸಾಬ್ರೆ?"

"ಕೊಂಬು ಹೋಗ್ತಿತ್ತು ಗೌಡ್ರೆ."

ಉಜ್ಜನಪ್ಪ ಹಿಂತಿರುಗಿ ಶೆಡ್ಡಿನ ನೆಲ ನೋಡಿದರು. "ಅವತ್ತು ಹೇಳ್ಬಾರ್ದಿತ್ತಾ?"

"ಹೇಳಿದ್ನಲ್ರಿ."

"ಹೌದು," ಎಂದರು ಉಜ್ಜನಪ್ಪ. "ನಾನೇ ನಗಿಸಿದೆ."

ಆಮೇಲೆ ಉಪಾಯಗಳ ಕಾಲ. ಕಾಂಕ್ರೀಟಿನ ಮೇಲೆ ಮಣ್ಣು ತಂದು ಸುರಿದರು. ಹಗ್ಗ ಬಿಗಿಯುವ ಮೊದಲೇ ಎತ್ತಿನ ಕಾಲು ಅದರ ಮೇಲೆ ಜಾರತೊಡಗಿತು, ಬಿಚ್ಚಿ ಕಳಿಸಿದರು. ಗೋಣಿಚೀಲಕ್ಕೆ ಹೊಟ್ಟು ತುಂಬಿ ಹಾಸಿದರು. ಎತ್ತು ಅದನ್ನು ಮೂಸಿ, ತಿನ್ನಲು ಶುರುಮಾಡಿತು. ನಿಜಲಿಂಗಪ್ಪ ಬಡಾವಣೆಯ ಅಂಚಿನ ಖಾಲಿ ಸೈಟೊಂದರಲ್ಲಿ ಎರಡು ವಾರ ನಡೆಸಿದರು. ಪಕ್ಕದ ಮನೆಯ ಶಾಂತಕುಮಾರಿ ಎಂಬ ನಿವೃತ್ತ ಶಿಕ್ಷಕಿ ಮಜ್ಜಿಗೆ ಕೊಟ್ಟು, ಎತ್ತಿನ ಗೋಳು ಕೇಳಲಾಗುವುದಿಲ್ಲ, ದಯವಿಟ್ಟು ಬೇರೆಡೆ ನೋಡಿಕೊಳ್ಳಿ ಎಂದರು. ಮಜ್ಜಿಗೆ ಕುಡಿದ ಮೇಲೆ ಜಗಳ ಆಡಲಾಗುವುದಿಲ್ಲ. ಆನೆಕೊಂಡದ ಸ್ವಂತ ಓಣಿ ಎಂದೋ ಕಾಂಕ್ರೀಟಾಗಿದೆ.

ಉಳಿದದ್ದು ಹರಿಹರದ ಹೊಳೆದಂಡೆ. ವಾರಕ್ಕೆರಡು ಸಲ ಮೊದಲ ಬಸ್ಸಿಗೆ ಇಬ್ಬರೂ ಬರುತ್ತಾರೆ. ನಡೆದು ಬರಬಲ್ಲ ಹತ್ತಿರದ ಊರುಗಳ ಎತ್ತು ಬರುತ್ತವೆ. ಒಂದು, ಹೆಚ್ಚೆಂದರೆ ಎರಡು ಜೊತೆ. ಹೊಳೆ ತುಂಬಿದರೆ ಅದೂ ಇಲ್ಲ. ಆನಗೋಡಿನ ಕಡೆಯವರು ಎತ್ತನ್ನು ಗಾಡಿಗೆ ಹೇರಿ ದಾವಣಗೆರೆ ದಾಟಿಸಿ ತರಬೇಕು. ಉಜ್ಜನಪ್ಪ ಒಮ್ಮೆ ತಂದರು. ಎರಡನೆಯ ಸಲ ಬರಲಿಲ್ಲ. ಬಲಗಡೆಯ ಎತ್ತು ಕುಂಟುತ್ತಿದೆ ಎಂದು ಫೋನಿನಲ್ಲಿ ಹೇಳಿದರು. ಈ ಸಲ ಅವರ ಜೋಳಕ್ಕೆ ಎಡೆ ಹೊಡೆದಿಲ್ಲ, ಕಳೆನಾಶಕ ಹೊಡೆಸಿದ್ದಾರೆ.

ಸಂತೆಯ ದಿನ ಖಾಜಾ ಹುಸೇನ್ ಈಗಲೂ ಶೆಡ್ಡಿಗೆ ಹೋಗುತ್ತಾರೆ. ಹಳೆಯ ಗಿರಾಕಿಗಳು ಬಂದು ನೆರಳಿಗೆ ಕೂರುತ್ತಾರೆ, ಚಾ ಕುಡಿಯುತ್ತಾರೆ. ಎತ್ತು ಮಲಗಿಲ್ಲದ ಕಾರಣ ಹಿಡಿದುಕೊಳ್ಳಲು ಕೊಂಬಿಲ್ಲ, ಹೇಳಿಕೊಳ್ಳಲು ಕಿವಿಯೂ ಇಲ್ಲ. ಮಳೆಯ ಬಗ್ಗೆ, ರೇಟಿನ ಬಗ್ಗೆ ಮಾತಾಡಿ ಎದ್ದು ಹೋಗುತ್ತಾರೆ. "ಮುಖಾಮುಖಿ ಕೂತ್ರೆ ಯಾರೂ ಏನೂ ಹೇಳಂಗಿಲ್ರಿ," ಅನ್ನುತ್ತಾರೆ ಅವರು. "ನಾನು ಕೇಳಿದ್ರೆ, ಆರಾಮ್ ಅಂತಾರೆ. ಹೋದ ತಿಂಗ್ಳು ಒಬ್ಬರು ಹಂಗೇ ಆರಾಮ್ ಅಂತ ಹೇಳಿ ಎದ್ದು ಹೋದ್ರು." ಆ ವಾರವೇ ಅವರ ಮಣ್ಣಿಗೆ ಇಬ್ಬರೂ ಹೋಗಿ ಬಂದರು. ಗೋಣೆಪ್ಪ ಹೊಳೆಯ ಕಡೆ ಮುಖ ತಿರುಗಿಸುತ್ತಾರೆ.

ಅಷ್ಟು ಜಾಗ ಒಡೆಸಿಬಿಡಿ ಎಂದು ಉಜ್ಜನಪ್ಪನವರೇ ಸಮಿತಿಗೆ ಹೋಗಿ ಕೇಳಿದರು. ಕಾಮಗಾರಿಗೆ ಐದು ವರ್ಷದ ಗ್ಯಾರಂಟಿ ಇದೆ, ಅಲ್ಲಿಯವರೆಗೆ ಮುಟ್ಟುವಂತಿಲ್ಲ ಎಂದು ಉತ್ತರ ಬಂತು. ಶಿವಕುಮಾರ ಖುದ್ದಾಗಿ ಆನೆಕೊಂಡಕ್ಕೆ ಹೋಗಿ, ತಲೆ ತಗ್ಗಿಸಿ ಕೂತು, ಅವಧಿ ಮುಗಿದ ದಿನವೇ ನಾನೇ ನಿಂತು ಒಡೆಸುತ್ತೇನೆ ಎಂದರು. ಮೆಹರ್ ಬಾನು ಅವರಿಗೆ ಚಾ ಕೊಟ್ಟು, "ಅಲ್ಲೀತನಕ ಎತ್ತು ಇರ್ತಾವೇನಪ್ಪಾ?" ಎಂದು ಕೇಳಿದರು.

ಹೊಳೆದಂಡೆಯಲ್ಲಿ ಬಿಸಿಲು ಏರಿದೆ. ಕೊನೆಯ ಮೊಳೆಯ ತುದಿ ಮುರಿದು, ಕಾಲಿನ ಹಗ್ಗ ಬಿಚ್ಚಿದಾಗ ಬಿಳಿ ಎತ್ತು ಎದ್ದು ಮೈ ಕೊಡವುತ್ತದೆ, ಹೊಸ ಕಾಲನ್ನು ನಂಬದೆ ಎರಡು ಹೆಜ್ಜೆ ಇಡುತ್ತದೆ. ಇನ್ನೇನು ಬೇಕು ಎಂದು ಕೇಳಿದರೆ ಖಾಜಾ ಹುಸೇನ್ ಕೈಗಂಟಿದ ಮಣ್ಣು ಉಜ್ಜಿಕೊಳ್ಳುತ್ತಾರೆ. "ಇದೇ ರೀ. ಇಷ್ಟೇ. ಅವತ್ತೂ ಇಷ್ಟೇ ಕೇಳಿದ್ದು."

ಲಾಳ ಕಟ್ಟುವ ಸೌಕರ್ಯ ಕೇಂದ್ರ ಉದ್ಘಾಟನೆಯಾಗಿ ಎರಡು ಮಳೆಗಾಲ ಕಳೆದಿವೆ. ನೆಲ ಎಲ್ಲೂ ಬಿರುಕು ಬಿಟ್ಟಿಲ್ಲ. ಅದರ ಮೇಲೆ ಈವರೆಗೆ ಒಂದು ಎತ್ತನ್ನೂ ಕೆಡವಿಲ್ಲ.