ಮಾಥ್ಯೂ ತಂದ ಹಳದಿ ವೈನ್

ಬೆಳಿಗ್ಗೆಯಿಂದ ಮನೆಯೊಡತಿ ವಸುಧಕ್ಕ ಕೆಳಗೆ ಮೆಂತ್ಯ ಹುರಿಯುತ್ತಿದ್ದಾರೆ. ವಾಸನೆ ಮೆಟ್ಟಿಲು ಹತ್ತಿ ನನ್ನ ಬಾಡಿಗೆ ಕೋಣೆಯವರೆಗೆ ಬಂದಿದೆ. ಕಿಟಕಿ ತೆರೆದರೆ ಐರ್ಲೆಂಡಿನ ಈ ಕಾರ್ಕ್ ಊರಿನ ಗಾಳಿ ಒಳಗಿನ ವಾಸನೆಯನ್ನು ಒಯ್ಯುವ ಬದಲು ಹೊರಗಿನ ಚಳಿಯನ್ನು ತಂದು ಸುರಿಯುತ್ತದೆ. ಹಾಗಾಗಿ ಸುಮ್ಮನೆ ಕುಳಿತಿದ್ದೇನೆ. ಈ ವಾಸನೆಗೆ ನಿಮಗೆ ಯಾರ ನೆನಪಾಗುತ್ತದೋ ತಿಳಿಯದು. ನನಗೆ ಮಾತ್ರ ಒಬ್ಬ ಫ್ರೆಂಚ್ ಮನುಷ್ಯನ ನೆನಪಾಗುತ್ತದೆ.

ಮಾಥ್ಯೂ ಊರಂಚಿನ ಲಿಟಲ್ ಐಲ್ಯಾಂಡಿನ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವನು. ಕಳೆದ ವರ್ಷ ಮಾರ್ಚ್‌ನ ಒಂದು ಮಂಗಳವಾರ (ಮಧ್ಯಾಹ್ನ ಏನು ತಿಂದೆ ಎಂಬುದನ್ನೂ ಡೈರಿಯಲ್ಲಿ ಬರೆಯುವ ಚಟ ನನಗಿದೆ, ನಗಬೇಡಿ) ಮೆಂತ್ಯದ ಹಿಟ್ಟಿನ ಗೊಜ್ಜು ಕಲಸಿದ ಅನ್ನದ ಡಬ್ಬಿ ತೆರೆದೆ. ಉಳಿದವರು ಕುರ್ಚಿ ಸರಿಸಿಕೊಂಡು ದೂರ ಹೋಗುವಂಥ ವಾಸನೆ ಅದು. ಇವನು ಹತ್ತಿರ ಬಂದ.

"ಇದು ನಮ್ಮಪ್ಪನ ನೆಲಮಾಳಿಗೆ," ಎಂದ.

ಅವನ ಸೀಮೆ ಜೂರಾ, ಸ್ವಿಟ್ಜರ್ಲೆಂಡಿನ ಗಡಿಯ ಗುಡ್ಡಗಳು. ಅಪ್ಪ ಅಲ್ಲಿ ವ್ಯಾಂ ಜೋನ್, ಅಂದರೆ ಹಳದಿ ವೈನ್, ಮಾಡುತ್ತಿದ್ದರು. ಅದಕ್ಕೆ ಸವಾನ್ಯಾಂ ಎಂಬ ಒಂದೇ ಜಾತಿಯ ದ್ರಾಕ್ಷಿ. ಪೀಪಾಯಿಗೆ ತುಂಬಿ ಆರು ವರ್ಷಕ್ಕೂ ಮೇಲೆ ಬಿಡಬೇಕು. ಆವಿಯಾಗಿ ಇಳಿದದ್ದನ್ನು ಮತ್ತೆ ತುಂಬುವಂತಿಲ್ಲ. ಮೇಲೆ ಕೆನೆಯಂಥ ಪದರ ಕಟ್ಟಿ ಅದೇ ವೈನನ್ನು ಕೆಡದಂತೆ ಕಾಯುತ್ತದೆ. ಆಕ್ರೋಟಿನ, ಮೆಂತ್ಯದ ವಾಸನೆ ಹುಟ್ಟುವುದು ಆ ಪದರದ ಕೆಳಗೆ. ಅಲ್ಲಿಯವರು ಇದನ್ನು ಕೋಂತೆ ಎಂಬ ಗಟ್ಟಿ ಚೀಸಿನ ಜೊತೆ, ಅಣಬೆ ಹಾಕಿದ ಕೋಳಿಯ ಜೊತೆ ಕುಡಿಯುತ್ತಾರಂತೆ.

ಅಪ್ಪ ತೀರಿಕೊಂಡಿದ್ದರು, ತೋಟ ಮಾರಿಹೋಗಿತ್ತು. ಅವರ ಕೈಯ ಕೊನೆಯ ಬಾಟಲಿ ಮಾಥ್ಯೂ ಬಳಿ ಇತ್ತು. ಒಬ್ಬನೇ ತೆರೆಯಲು ಅವನಿಗೆ ಮನಸ್ಸಿರಲಿಲ್ಲ. "ನಿನ್ನ ಈ ಅನ್ನದ ಜೊತೆ ತೆರೀಬಹುದಾ?" ಎಂದು ಕೇಳಿದ.

ಭಾನುವಾರ ಬಾ ಎಂದುಬಿಟ್ಟೆ. ವಸುಧಕ್ಕನ ಮನೆಯೊಳಗೆ ಮದ್ಯ ತರುವಂತಿಲ್ಲ ಎಂಬುದು ನನಗೆ ಹೊಳೆದದ್ದು ಅವನು ಬಾಟಲಿಯನ್ನು ಕೂಸಿನಂತೆ ಎತ್ತಿಕೊಂಡು ಬಾಗಿಲಲ್ಲಿ ನಿಂತಾಗ. ಎಲ್ಲವನ್ನೂ ಬರೆದಿಡುವವನ ಜ್ಞಾಪಕಶಕ್ತಿ ಇಷ್ಟೇ.

"ಏನೋ ಅದು ಅವ್ರ ಕೈಲಿ?" ವಸುಧಕ್ಕ ನನ್ನ ಹಿಂದಿನಿಂದ ಕೇಳಿದರು.

"ವೈನ್, ಅಕ್ಕ. ಅವ್ರ ತಂದೆ ಮಾಡಿದ್ದು. ಇದೇ ಕೊನೇದಂತೆ."

"ಮೈಸೂರಿಂದ ನಿಮ್ಮಮ್ಮ ಫೋನ್ ಮಾಡಿದ್ರೆ ನಾನೇನೋ ಹೇಳ್ಲಿ?"

ಮಾಥ್ಯೂಗೆ ಕನ್ನಡ ಬಾರದಿದ್ದರೂ ಅರ್ಥವಾಯಿತು. ಕಾರಿನಲ್ಲಿಟ್ಟು ಬರುತ್ತೇನೆ ಎಂದು ತಿರುಗಿದ. ವಸುಧಕ್ಕ ಅವನ ಬೆನ್ನನ್ನೇ ನೋಡಿದರು.

"ನಿಲ್ಸೋ ಅವ್ರನ್ನ. ಒಳಗೆ ಬೇಡ. ಹಿಂದುಗಡೆ ಗಾರ್ಡನ್ನಲ್ಲಿ ಕೂತ್ಕೊಳ್ಲಿ, ಅನ್ನ ಅಲ್ಲಿಗೇ ತರ್ತೀನಿ."

ಮೂವರೂ ಕೋಟು ಹಾಕಿಕೊಂಡು ಹೊರಗೆ ಕುಳಿತೆವು. ಮಾಥ್ಯೂ ಲೋಟ ಮುಂದೆ ಹಿಡಿದ. ವಸುಧಕ್ಕ ಮುಟ್ಟದೆ ಮೂಗು ಮಾತ್ರ ಬಗ್ಗಿಸಿದರು.

"ಅಯ್ಯೋ, ನಮ್ಮ ಹಿಟ್ಟೇ ಕಣೋ ಇದು!"

ಪದರದ ಕತೆ ಹೇಳಿದೆ. "ಉಪ್ಪಿನಕಾಯಿ ಮೇಲೆ ಹಾಗೆ ಕಟ್ಟಿದ್ರೆ ನಾನು ಎಸೆದುಬಿಡ್ತೀನಿ. ಇವ್ರಪ್ಪ ಅದನ್ನ ಆರು ವರ್ಷ ಕಾದ್ರಾ?" ಎಂದರು.

ನಾನೂ ರುಚಿ ನೋಡಿದೆ. ಬರಿದೇ ಕುಡಿದರೆ ಹುಳಿ, ಒಗರು. ಗೊಜ್ಜಿನ ಬೆಲ್ಲ ಬಾಯಲ್ಲಿದ್ದಾಗ ಪರವಾಗಿಲ್ಲ. ಮಾಥ್ಯೂ ಒಂದು ಗುಟುಕು, ಒಂದು ತುತ್ತು ಎಂದು ಉಂಡ. ಎರಡನೆಯ ಸಲ ತಟ್ಟೆ ಚಾಚಿದಾಗ ಅವನ ಕಣ್ಣು ಕೆಂಪಾಗಿತ್ತು. ಗಾಳಿಯೂ ಜೋರಾಗಿತ್ತು.

ತೆರೆದ ಮೇಲೂ ವಾರಗಟ್ಟಲೆ ಕೆಡದ ವೈನ್ ಅದು. ಅವನು ಮುಚ್ಚಳ ಒತ್ತಿ ಎದ್ದಾಗ ವಸುಧಕ್ಕ ನನಗೆ ಹೇಳಿದರು: "ಅದು ಮುಗಿಯೋ ತನಕ ಭಾನುವಾರ ಊಟಕ್ಕೆ ಬರ್ಲಿ ಅಂತ ಹೇಳು. ಹಿಂದಿನ ಗೇಟಿಂದ."

"ಗ್ರ್ಯಾಂಡ್," ಎಂದ ಮಾಥ್ಯೂ, ಆಗಲಿ ಎನ್ನುವುದಕ್ಕೆ ಇಲ್ಲಿಯವರು ಹೇಳುವ ಹಾಗೆ.

ಅವನು ಬಂದ ಭಾನುವಾರಗಳನ್ನು ಮೊದಮೊದಲು ಗುರುತು ಹಾಕುತ್ತಿದ್ದೆ. ಆ ಬಾಟಲಿ ಮಾಮೂಲಿನದಕ್ಕಿಂತ ಚಿಕ್ಕದು. ಯಾವ ಲೆಕ್ಕದಲ್ಲೂ ಕಳೆದ ಬೇಸಿಗೆಗೇ ಮುಗಿದಿರಬೇಕು. ಚಳಿಗಾಲದಿಂದ ಅವನು ಬರಿಗೈಯಲ್ಲಿ ಮುಂದಿನ ಬಾಗಿಲಿಂದ ಬಂದು ಅಡುಗೆಮನೆಯಲ್ಲೇ ಕೂರುತ್ತಾನೆ. ಇವತ್ತೂ ಬಂದಿದ್ದಾನೆ, ಕೆಳಗೆ ಕುರ್ಚಿ ಎಳೆದ ಸದ್ದಾಯಿತು, ನಾನೂ ಇಳಿದೆ.

"ಇನ್ನೂ ಮುಗಿದಿಲ್ವಂತೇನೋ ಅದು?" ವಸುಧಕ್ಕ ಒಗ್ಗರಣೆಯಿಂದ ತಲೆಯೆತ್ತದೆ ಕೇಳಿದರು.

ನಾನು ಮಾಥ್ಯೂನ ಮುಖ ನೋಡಿದೆ. ಅವನು ಹೆಬ್ಬೆರಳು, ತೋರುಬೆರಳ ನಡುವೆ ಒಂದಿಷ್ಟೇ ಜಾಗ ಬಿಟ್ಟು ತೋರಿಸಿದ.

"ಸ್ವಲ್ಪ ಇದೆಯಂತೆ, ಅಕ್ಕ."

"ಸರಿ, ಹಾಗಿದ್ರೆ ಬರೋ ವಾರಕ್ಕೂ ಹಿಟ್ಟು ಬೀಸ್ಬೇಕು," ಎಂದರು.